ಶ್ವಾಸಕೋಶದ ಸುತ್ತ ನೀರು ತುಂಬುವ ಕಾಯಿಲೆ: ರೋಗನಿರ್ಣಯ ಸಂಕೇತ ಹಾಗೂ ದಾಖಲೆಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಎದೆಯಲ್ಲಿ ನೀರು ತುಂಬಿದೆ ಎಂಬ ಕಾರಣದಿಂದ ಆಸ್ಪತ್ರೆಗೆ ದಾಖಲಾಗಿ ಗುಣಮುಖರಾದವರು ಅಥವಾ ಅವರ ಕುಟುಂಬದವರು ನಂತರದ ದಿನಗಳಲ್ಲಿ ವಿವಿಧ ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸಬೇಕಾಗುತ್ತದೆ. ಆರೋಗ್ಯ ವಿಮೆಯ ಹಣ ಮರುಪಾವತಿ, ಸರ್ಕಾರಿ ನೌಕರರ ವೈದ್ಯಕೀಯ ವೆಚ್ಚ ಮರುಪಾವತಿ, ಕಾರ್ಮಿಕರ ರಾಜ್ಯ ವಿಮಾ ಯೋಜನೆಯ ಕಾಯಿಲೆ ಭತ್ಯೆ, ಕ್ಷಯ ರೋಗಿಗಳಿಗೆ ನೀಡುವ ಪೌಷ್ಟಿಕ ಆಹಾರ ಸಹಾಯಧನ, ಮರಣ ಸಂಭವಿಸಿದ್ದಲ್ಲಿ ಜೀವ ವಿಮೆಯ ಹಣ ಇವೆಲ್ಲಕ್ಕೂ ಆಸ್ಪತ್ರೆಯ ದಾಖಲೆಯೇ ಆಧಾರ.

ಅನೇಕ ಅರ್ಜಿಗಳಲ್ಲಿ ಲಗತ್ತಿಸಿರುವ ಬಿಡುಗಡೆ ಸಾರಾಂಶದಲ್ಲಿ, ಅಂದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ, ರೋಗನಿರ್ಣಯದ ಕಲಂನಲ್ಲಿ "ಪ್ಲೂರಲ್ ಎಫ್ಯೂಷನ್" ಎಂಬ ಎರಡು ಪದಗಳು ಮಾತ್ರ ಇರುತ್ತವೆ. ಇದು ತಪ್ಪಲ್ಲ, ಆದರೆ ಅಪೂರ್ಣ. ನೀರು ಏಕೆ ತುಂಬಿತು ಎಂಬುದನ್ನು ಆ ಎರಡು ಪದಗಳು ಹೇಳುವುದಿಲ್ಲ. ಸೌಲಭ್ಯ ದೊರೆಯುವುದೂ ದೊರೆಯದಿರುವುದೂ ಬಹಳಷ್ಟು ಸಂದರ್ಭಗಳಲ್ಲಿ ಆ "ಏಕೆ" ಎಂಬುದರ ಮೇಲೆ ನಿಂತಿರುತ್ತದೆ. ಆದ್ದರಿಂದ ಈ ಕಾಯಿಲೆಯ ಸ್ವರೂಪ, ಅದಕ್ಕೆ ನೀಡುವ ಸಂಕೇತಗಳು ಮತ್ತು ಅರ್ಜಿದಾರರು ಪರಿಶೀಲಿಸಿಕೊಳ್ಳಬೇಕಾದ ದಾಖಲೆಗಳ ಬಗ್ಗೆ ಈ ಕೆಳಗಿನಂತೆ ವಿವರಿಸಲಾಗಿದೆ.

2. ಕಾಯಿಲೆಯ ಸ್ವರೂಪ

ಪ್ರತಿಯೊಂದು ಶ್ವಾಸಕೋಶದ ಸುತ್ತ ಎರಡು ಪದರಗಳುಳ್ಳ ತೆಳುವಾದ ಪೊರೆಯಿದ್ದು, ಇದನ್ನು ಪ್ಲೂರಾ ಎಂದು ಕರೆಯಲಾಗುತ್ತದೆ. ಒಳಪದರವು ಶ್ವಾಸಕೋಶಕ್ಕೂ ಹೊರಪದರವು ಎದೆಗೂಡಿನ ಒಳಭಾಗಕ್ಕೂ ಅಂಟಿಕೊಂಡಿರುತ್ತದೆ. ಇವೆರಡರ ನಡುವೆ ಕೆಲವೇ ಮಿಲಿ ಲೀಟರ್‌ಗಳಷ್ಟು ದ್ರವವು ಸಹಜವಾಗಿಯೇ ಇರುತ್ತದೆ. ಉಸಿರಾಡುವಾಗ ಪದರಗಳು ಒಂದಕ್ಕೊಂದು ಉಜ್ಜದಂತೆ ಈ ದ್ರವವು ಎಣ್ಣೆಯಂತೆ ಕೆಲಸ ಮಾಡುತ್ತದೆ. ದ್ರವವು ಹೆಚ್ಚು ಉತ್ಪತ್ತಿಯಾದಾಗ ಅಥವಾ ಹೀರಲ್ಪಡುವುದು ಕಡಿಮೆಯಾದಾಗ ಈ ಜಾಗದಲ್ಲಿ ನೀರು ಶೇಖರಗೊಳ್ಳುತ್ತದೆ. ಇದನ್ನೇ ಪ್ಲೂರಲ್ ಎಫ್ಯೂಷನ್ ಎನ್ನುವರು. ಜನಸಾಮಾನ್ಯರು "ಶ್ವಾಸಕೋಶದಲ್ಲಿ ನೀರು" ಎಂದು ಹೇಳುವುದುಂಟು. ವಾಸ್ತವವಾಗಿ ನೀರು ಇರುವುದು ಶ್ವಾಸಕೋಶದ ಹೊರಗೆ, ಅದರ ಸುತ್ತಲಿನ ಪೊರೆಯ ನಡುವೆ. ಶ್ವಾಸಕೋಶದ ಒಳಗೇ ನೀರು ತುಂಬುವುದು ಪಲ್ಮನರಿ ಎಡಿಮಾ ಎಂಬ ಬೇರೆಯದೇ ಸ್ಥಿತಿಯಾಗಿದ್ದು, ಅದರ ಸಂಕೇತವೂ ಬೇರೆ.

ಉಬ್ಬಸ, ಉಸಿರು ಎಳೆದುಕೊಳ್ಳುವಾಗ ಪಕ್ಕೆ ನೋವು, ಒಣಕೆಮ್ಮು, ಜ್ವರ ಇವು ಸಾಮಾನ್ಯ ಲಕ್ಷಣಗಳು. ನಿಂತು ತೆಗೆಯಿಸಿದ ಎದೆಯ ಕ್ಷ-ಕಿರಣ ಚಿತ್ರದಲ್ಲಿ ಸುಮಾರು 200 ಮಿಲಿ ಲೀಟರ್‌ನಷ್ಟು ನೀರು ಇದ್ದಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ. ಅದಕ್ಕಿಂತ ಕಡಿಮೆ ಇರುವ ನೀರನ್ನು ಅಲ್ಟ್ರಾಸೌಂಡ್ ಸ್ಕ್ಯಾನ್ ಮೂಲಕ ಪತ್ತೆ ಹಚ್ಚಬಹುದು.

3. ನೀರು ತುಂಬಲು ಕಾರಣಗಳು

ಪ್ಲೂರಲ್ ಎಫ್ಯೂಷನ್ ಬಹುತೇಕ ಸಂದರ್ಭಗಳಲ್ಲಿ ಬೇರೊಂದು ಕಾಯಿಲೆಯ ಪರಿಣಾಮವಾಗಿರುತ್ತದೆ. ಹೃದಯ ವೈಫಲ್ಯ, ಮೂತ್ರಪಿಂಡದ ಕಾಯಿಲೆ, ಯಕೃತ್ತಿನ ಸಿರೋಸಿಸ್, ನ್ಯುಮೋನಿಯಾ, ಕ್ಷಯ, ಕ್ಯಾನ್ಸರ್, ಡೆಂಗೀ ಜ್ವರ, ಮೇದೋಜೀರಕ ಗ್ರಂಥಿಯ ಉರಿಯೂತ, ಎದೆಗೆ ಬಿದ್ದ ಪೆಟ್ಟು ಇವು ಪ್ರಮುಖ ಕಾರಣಗಳು. ನಮ್ಮ ದೇಶದಲ್ಲಿ ಕ್ಷಯವು ಇವುಗಳ ಪೈಕಿ ಮುಖ್ಯವಾದುದು.

ಕಾರಣವನ್ನು ತಿಳಿಯಲು ವೈದ್ಯರು ಪಕ್ಕೆಲುಬುಗಳ ನಡುವೆ ಸೂಜಿಯನ್ನು ತೂರಿಸಿ ನೀರಿನ ಮಾದರಿಯನ್ನು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುವರು. ಅಮೆರಿಕದ ವೈದ್ಯ ರಿಚರ್ಡ್ ಲೈಟ್ ಅವರು 1972ರಲ್ಲಿ ಪ್ರಕಟಿಸಿದ ಮಾನದಂಡಗಳು ಇಂದಿಗೂ ಬಳಕೆಯಲ್ಲಿವೆ. ಅವುಗಳ ಪ್ರಕಾರ ನೀರಿನಲ್ಲಿರುವ ಪ್ರೋಟೀನ್ ಪ್ರಮಾಣವು ರಕ್ತದ ಸೀರಂನಲ್ಲಿರುವ ಪ್ರೋಟೀನ್‌ನ ಅರ್ಧಕ್ಕಿಂತ ಹೆಚ್ಚಿದ್ದರೆ, ಅಥವಾ ಎಲ್.ಡಿ.ಎಚ್. ಎಂಬ ಕಿಣ್ವದ ಅನುಪಾತವು 0.6ಕ್ಕಿಂತ ಹೆಚ್ಚಿದ್ದರೆ, ಅಥವಾ ನೀರಿನಲ್ಲಿರುವ ಆ ಕಿಣ್ವವು ಸೀರಂನ ಸಹಜ ಗರಿಷ್ಠ ಮಿತಿಯ ಮೂರನೇ ಎರಡು ಭಾಗವನ್ನು ಮೀರಿದ್ದರೆ ಅದನ್ನು ಎಕ್ಸುಡೇಟ್ ಎಂದು ವರ್ಗೀಕರಿಸಲಾಗುತ್ತದೆ. ಸೋಂಕು, ಕ್ಷಯ, ಕ್ಯಾನ್ಸರ್ ಮುಂತಾದವುಗಳಲ್ಲಿ ಇದು ಕಂಡುಬರುತ್ತದೆ. ಈ ಮೂರರಲ್ಲಿ ಯಾವುದೂ ಇಲ್ಲದಿದ್ದಲ್ಲಿ ಅದು ಟ್ರಾನ್ಸುಡೇಟ್ ಆಗಿದ್ದು, ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯನ್ನು ಸಾಮಾನ್ಯವಾಗಿ ಸೂಚಿಸುತ್ತದೆ. ಆದುದರಿಂದ ಈ ಪ್ರಯೋಗಾಲಯ ವರದಿಯು ಅರ್ಜಿದಾರರ ಕಡತದಲ್ಲಿ ಇರಲೇಬೇಕಾದ ಕಾಗದವಾಗಿದೆ.

4. ರೋಗನಿರ್ಣಯ ಸಂಕೇತ ಎಂದರೇನು?

ಒಂದೇ ಕಾಯಿಲೆಯನ್ನು ಒಬ್ಬೊಬ್ಬ ವೈದ್ಯರು ಒಂದೊಂದು ರೀತಿಯಲ್ಲಿ ಬರೆಯಬಹುದು. ಈ ಭಿನ್ನತೆಯನ್ನು ನಿವಾರಿಸಲು ಪ್ರತಿ ಕಾಯಿಲೆಗೂ ಒಂದು ಅಕ್ಷರ ಹಾಗೂ ಅಂಕಿಗಳನ್ನೊಳಗೊಂಡ ಸಂಕೇತವನ್ನು ನಿಗದಿಪಡಿಸಲಾಗಿದೆ. ಇದನ್ನು ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ, ಸಂಕ್ಷಿಪ್ತವಾಗಿ ಐ.ಸಿ.ಡಿ. ಎನ್ನುವರು. 1893ರಲ್ಲಿ ಮರಣ ಕಾರಣಗಳ ಪಟ್ಟಿಯಾಗಿ ಪ್ರಾರಂಭವಾದ ಈ ವರ್ಗೀಕರಣದ ಹೊಣೆಯನ್ನು 1948ರಲ್ಲಿ 6ನೇ ಪರಿಷ್ಕರಣೆಯೊಂದಿಗೆ ವಿಶ್ವ ಆರೋಗ್ಯ ಸಂಸ್ಥೆಯು ವಹಿಸಿಕೊಂಡಿತು. 10ನೇ ಪರಿಷ್ಕರಣೆಯು 1990ರಲ್ಲಿ ಅನುಮೋದನೆಗೊಂಡು 1994ರಿಂದ ಬಳಕೆಗೆ ಬಂದಿತು. 11ನೇ ಪರಿಷ್ಕರಣೆಯನ್ನು 2019ರ ಮೇ ತಿಂಗಳಿನಲ್ಲಿ ಅಂಗೀಕರಿಸಲಾಗಿದ್ದು, ದಿನಾಂಕ 1-1-2022ರಿಂದ ಜಾರಿಗೆ ಬಂದಿದೆ. ನಮ್ಮಲ್ಲಿ ಆಸ್ಪತ್ರೆಗಳ ದಾಖಲೆ ಮತ್ತು ವಿಮಾ ನಮೂನೆಗಳಲ್ಲಿ 10ನೇ ಪರಿಷ್ಕರಣೆಯ ಸಂಕೇತಗಳೇ ಹೆಚ್ಚಾಗಿ ಕಂಡುಬರುವುದರಿಂದ ಇಲ್ಲಿ ಅವುಗಳನ್ನೇ ವಿವರಿಸಲಾಗಿದೆ.

ಸಾಮಾನ್ಯವಾಗಿ ರೋಗನಿರ್ಣಯವನ್ನು ಬರೆಯುವವರು ಚಿಕಿತ್ಸೆ ನೀಡಿದ ವೈದ್ಯರು. ಅದಕ್ಕೆ ಸಂಕೇತವನ್ನು ನೀಡುವವರು ವೈದ್ಯಕೀಯ ದಾಖಲಾತಿ ವಿಭಾಗದ ಸಿಬ್ಬಂದಿ. ಕ್ಷ-ಕಿರಣ ಚಿತ್ರವನ್ನಾಗಲೀ ಪ್ರಯೋಗಾಲಯದ ಅಂಕಿಗಳನ್ನಾಗಲೀ ನೋಡಿ ತಾವೇ ಕಾಯಿಲೆಯನ್ನು ಊಹಿಸಿಕೊಳ್ಳುವ ಅಧಿಕಾರ ಸದರಿ ಸಿಬ್ಬಂದಿಗೆ ಇರುವುದಿಲ್ಲ. ವೈದ್ಯರು ಬರೆದ ಮಾತಿಗೆ ಮಾತ್ರ ಸಂಕೇತ. ವೈದ್ಯರು ಕಾರಣವನ್ನು ಬರೆಯದಿದ್ದಲ್ಲಿ ಕಾರಣವಿಲ್ಲದ ಸಂಕೇತವೇ ದಾಖಲಾಗುತ್ತದೆ.

ಗಮನಿಸಿ: ಆಸ್ಪತ್ರೆಗಳಲ್ಲಿ "ಐ.ಸಿ.ಡಿ." ಎಂಬ ಸಂಕ್ಷೇಪವನ್ನು ಎರಡು ಅರ್ಥಗಳಲ್ಲಿ ಬಳಸುವರು. ಎದೆಯ ನೀರನ್ನು ಹೊರತೆಗೆಯಲು ಪಕ್ಕೆಲುಬುಗಳ ನಡುವೆ ಅಳವಡಿಸುವ ಕೊಳವೆಗೂ ಇಂಟರ್‌ಕಾಸ್ಟಲ್ ಡ್ರೈನ್ ಎಂಬ ಕಾರಣದಿಂದ ಐ.ಸಿ.ಡಿ. ಎಂದೇ ಬರೆಯಲಾಗುತ್ತದೆ. ಬಿಡುಗಡೆ ಸಾರಾಂಶದಲ್ಲಿ "ಐ.ಸಿ.ಡಿ. ಹಾಕಲಾಯಿತು" ಎಂದಿದ್ದರೆ ಅದು ಕೊಳವೆಯ ಬಗ್ಗೆ ಹೇಳಿದ ಮಾತು, ಸಂಕೇತ ನಮೂದಾಗಿದೆ ಎಂದು ಭಾವಿಸಬಾರದು.

5. ಈ ಕಾಯಿಲೆಗೆ ಸಂಬಂಧಿಸಿದ ಪ್ರಮುಖ ಸಂಕೇತಗಳು

ಜೆ 90 – ಬೇರೆಡೆ ವರ್ಗೀಕರಿಸದ ಪ್ಲೂರಲ್ ಎಫ್ಯೂಷನ್. ಕಾರಣ ನಮೂದಾಗದಿದ್ದಾಗ ಇದೇ ಸಂಕೇತ ಬರುತ್ತದೆ.
ಜೆ 91 – ಬೇರೆಡೆ ವರ್ಗೀಕರಿಸಿದ ಕಾಯಿಲೆಯಿಂದ ಉಂಟಾದ ಪ್ಲೂರಲ್ ಎಫ್ಯೂಷನ್. ನಕ್ಷತ್ರ ಚಿಹ್ನೆಯುಳ್ಳ ಈ ಸಂಕೇತವನ್ನು ಒಂಟಿಯಾಗಿ ಬಳಸುವಂತಿಲ್ಲ. ಮೂಲ ಕಾಯಿಲೆಯ ಸಂಕೇತವು ಮೊದಲು ಬರಬೇಕು.
ಎ 15.6 – ಸೂಕ್ಷ್ಮಾಣು ಪರೀಕ್ಷೆ ಅಥವಾ ಅಂಗಾಂಶ ಪರೀಕ್ಷೆಯಿಂದ ದೃಢಪಟ್ಟ ಪ್ಲೂರಾದ ಕ್ಷಯ.
ಎ 16.5 – ಅಂತಹ ದೃಢೀಕರಣದ ಉಲ್ಲೇಖವಿಲ್ಲದ ಪ್ಲೂರಾದ ಕ್ಷಯ.
ಜೆ 86 – ಎದೆಯಲ್ಲಿ ಕೀವು ತುಂಬುವುದು, ಅಂದರೆ ಎಂಪೈಮಾ.
ಜೆ 94.0 – ಹಾಲಿನಂತಹ ಕೊಬ್ಬಿನಂಶದ ದ್ರವ ತುಂಬುವುದು.
ಜೆ 94.2 – ರಕ್ತ ತುಂಬುವುದು. ಅಪಘಾತದ ಪೆಟ್ಟಿನಿಂದ ಆಗಿದ್ದಲ್ಲಿ ಎಸ್ 27.1.
ಸಿ 78.2 – ಬೇರೆ ಅಂಗದ ಕ್ಯಾನ್ಸರ್ ಪ್ಲೂರಾಕ್ಕೆ ಹರಡಿರುವುದು. ಮೂಲ ಕ್ಯಾನ್ಸರ್‌ನ ಸಂಕೇತವನ್ನೂ ನಮೂದಿಸಬೇಕು. ಉದಾ: ಶ್ವಾಸಕೋಶಕ್ಕೆ ಸಿ 34, ಸ್ತನಕ್ಕೆ ಸಿ 50.
ಐ 50 – ಹೃದಯ ವೈಫಲ್ಯ. ನೀರು ಇದರ ಭಾಗವಾಗಿಯೇ ತುಂಬಿದ್ದಲ್ಲಿ ಮುಖ್ಯ ಸಂಕೇತ ಇದೇ ಆಗಿರುತ್ತದೆ.
ಎ 97 – ಡೆಂಗೀ. ಎದೆಯಲ್ಲಿ ಅಥವಾ ಹೊಟ್ಟೆಯಲ್ಲಿ ನೀರು ಶೇಖರಗೊಳ್ಳುವುದು ಡೆಂಗೀ ಕಾಯಿಲೆಯ ಎಚ್ಚರಿಕೆಯ ಲಕ್ಷಣಗಳಲ್ಲೊಂದು.

ಮೇಲ್ಕಂಡ ಪಟ್ಟಿಯಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಜೆ 90 ಸಂಕೇತವು ಕ್ಷಯದಿಂದ ಉಂಟಾದ ನೀರನ್ನು ಒಳಗೊಳ್ಳುವುದಿಲ್ಲ. ಕ್ಷಯ ಎಂದು ವೈದ್ಯರು ತೀರ್ಮಾನಿಸಿದ ಮೇಲೆಯೂ ದಾಖಲೆಯಲ್ಲಿ ಜೆ 90 ಉಳಿದಿದ್ದರೆ ಅದು ಸರಿಯಲ್ಲ. ಎರಡನೆಯದಾಗಿ, ಎ 15.6 ಮತ್ತು ಎ 16.5 ಇವೆರಡೂ ಒಂದೇ ಕಾಯಿಲೆಯ ಸಂಕೇತಗಳು. ಅವುಗಳ ನಡುವಿನ ವ್ಯತ್ಯಾಸ ಒಂದು ಪ್ರಯೋಗಾಲಯ ವರದಿ ಮಾತ್ರ. ವರದಿ ಬರುವ ಮುನ್ನವೇ ರೋಗಿಯು ಬಿಡುಗಡೆಯಾದಲ್ಲಿ, ನಂತರ ಬಂದ ವರದಿಯನ್ನು ಕಡತಕ್ಕೆ ಸೇರಿಸಿ ರೋಗನಿರ್ಣಯವನ್ನು ಪರಿಷ್ಕರಿಸುವಂತೆ ಕೋರಬಹುದು.

10ನೇ ಪರಿಷ್ಕರಣೆಯ ಜೆ 90 ಸಂಕೇತದಲ್ಲಿ ಎಡ ಅಥವಾ ಬಲ ಎಂಬ ಭೇದವಿಲ್ಲ. ಆದ್ದರಿಂದ ಯಾವ ಪಾರ್ಶ್ವ ಎಂಬುದನ್ನು ವೈದ್ಯರು ಬರಹದಲ್ಲಿಯೇ ತಿಳಿಸಬೇಕಾಗುತ್ತದೆ. ಸ್ಕ್ಯಾನ್ ವರದಿಯಲ್ಲಿ ಬಲಗಡೆ ಎಂದೂ ಬಿಡುಗಡೆ ಸಾರಾಂಶದಲ್ಲಿ ಎಡಗಡೆ ಎಂದೂ ಇದ್ದಲ್ಲಿ ಅರ್ಜಿಯು ಸ್ಪಷ್ಟೀಕರಣಕ್ಕಾಗಿ ಹಿಂದಿರುಗುವುದು ಸಹಜ.

6. ಬಿಡುಗಡೆ ಸಾರಾಂಶದಲ್ಲಿ ಇರಬೇಕಾದ ಅಂಶಗಳು

ಆಸ್ಪತ್ರೆಯಿಂದ ಹೊರಡುವ ಮುನ್ನ ರೋಗಿಯ ಕಡೆಯವರು ಈ ಕೆಳಕಂಡ ಅಂಶಗಳನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ.

(1) ರೋಗಿಯ ಹೆಸರು, ವಯಸ್ಸು ಮತ್ತು ಒಳರೋಗಿ ಸಂಖ್ಯೆ. ಹೆಸರು ಆಧಾರ್ ಹಾಗೂ ಪಡಿತರ ಚೀಟಿಯಲ್ಲಿರುವಂತೆಯೇ ಇರಬೇಕು.
(2) ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕಗಳು.
(3) ಯಾವ ಪಾರ್ಶ್ವದಲ್ಲಿ ನೀರು, ಎಷ್ಟು ಪ್ರಮಾಣ, ಯಾವ ಪರೀಕ್ಷೆಯಿಂದ ತಿಳಿದುಬಂದಿತು.
(4) ನೀರು ತೆಗೆದ ದಿನಾಂಕ, ತೆಗೆದ ಪ್ರಮಾಣ, ಬಣ್ಣ. ಸೂಜಿಯಿಂದ ತೆಗೆದದ್ದೇ ಅಥವಾ ಕೊಳವೆ ಅಳವಡಿಸಲಾಯಿತೇ ಎಂಬ ವಿವರ.
(5) ನೀರಿನ ಪರೀಕ್ಷೆಯ ಫಲಿತಾಂಶ: ಪ್ರೋಟೀನ್, ಎಲ್.ಡಿ.ಎಚ್., ಜೀವಕೋಶಗಳ ಎಣಿಕೆ, ಎ.ಡಿ.ಎ., ಸೂಕ್ಷ್ಮಾಣು ಪರೀಕ್ಷೆ, ಕ್ಯಾನ್ಸರ್ ಕೋಶಗಳ ಪರೀಕ್ಷೆ.
(6) ಮೂಲ ಕಾಯಿಲೆ ಯಾವುದು. "ಇದರಿಂದ ಉಂಟಾದ" ಎಂಬ ಸಂಬಂಧವನ್ನು ವೈದ್ಯರು ಸ್ಪಷ್ಟವಾಗಿ ಬರೆದಿರಬೇಕು. ಹೃದಯ ವೈಫಲ್ಯ ಎಂದು ಒಂದು ಸಾಲಿನಲ್ಲೂ ಪ್ಲೂರಲ್ ಎಫ್ಯೂಷನ್ ಎಂದು ಇನ್ನೊಂದು ಸಾಲಿನಲ್ಲೂ ಬರೆದರೆ ಎರಡಕ್ಕೂ ಸಂಬಂಧವಿದೆ ಎಂದು ಓದುವವರು ತಿಳಿಯಬೇಕೆಂದಿಲ್ಲ.
(7) ಕಾಯಿಲೆಯ ಲಕ್ಷಣಗಳು ಎಷ್ಟು ದಿನಗಳಿಂದ ಇದ್ದವು ಎಂಬ ವಿವರ.
(8) ಚಿಕಿತ್ಸೆ ನೀಡಿದ ವೈದ್ಯರ ಸಹಿ, ನೋಂದಣಿ ಸಂಖ್ಯೆ ಹಾಗೂ ಆಸ್ಪತ್ರೆಯ ಮೊಹರು.

ಕಾರಣವು ಇನ್ನೂ ತಿಳಿಯದೇ ಇರುವ ಸಂದರ್ಭಗಳೂ ಇರುತ್ತವೆ. ಆಗ "ಕಾರಣ ಪರಿಶೀಲನೆಯಲ್ಲಿದೆ, ಇಂತಹ ವರದಿ ಬರಬೇಕಾಗಿದೆ" ಎಂದು ಬರೆಯುವುದೇ ಸರಿಯಾದ ಕ್ರಮ. ಸೌಲಭ್ಯ ದೊರೆಯಲೆಂದು ಇಲ್ಲದ ಕಾಯಿಲೆಯನ್ನು ಬರೆಯುವಂತೆ ವೈದ್ಯರನ್ನು ಒತ್ತಾಯಿಸಬಾರದು. ಸುಳ್ಳು ಪ್ರಮಾಣಪತ್ರ ನೀಡುವುದು ವೈದ್ಯರ ವೃತ್ತಿ ನಿಯಮಗಳಡಿ ದುರ್ನಡತೆಯಾಗುತ್ತದೆ.

7. ಕ್ಷಯದಿಂದ ನೀರು ತುಂಬಿದ್ದಲ್ಲಿ

ಪ್ಲೂರಾದ ಕ್ಷಯದಲ್ಲಿ ನೀರಿನೊಳಗೆ ಕ್ಷಯದ ಸೂಕ್ಷ್ಮಾಣುಗಳು ಬಹಳ ಕಡಿಮೆ ಸಂಖ್ಯೆಯಲ್ಲಿರುತ್ತವೆ. ಆದ್ದರಿಂದ ಅವು ಪರೀಕ್ಷೆಯಲ್ಲಿ ಕಾಣದಿರುವುದು ಅಪರೂಪವಲ್ಲ. ಅಂತಹ ಸಂದರ್ಭಗಳಲ್ಲಿ ಲಕ್ಷಣಗಳು, ಎ.ಡಿ.ಎ. ಪ್ರಮಾಣ, ಸ್ಕ್ಯಾನ್ ಹಾಗೂ ಅಗತ್ಯವಿದ್ದಲ್ಲಿ ಪೊರೆಯ ಅಂಗಾಂಶ ಪರೀಕ್ಷೆಯನ್ನು ಆಧರಿಸಿ ವೈದ್ಯರು ಕ್ಷಯವೆಂದು ತೀರ್ಮಾನಿಸುವರು. ಸೂಕ್ಷ್ಮಾಣು ಕಾಣಲಿಲ್ಲ ಎಂಬ ಒಂದೇ ಕಾರಣಕ್ಕೆ ರೋಗಿಯು ಯೋಜನೆಯಿಂದ ಹೊರಗುಳಿಯಬೇಕಾಗಿಲ್ಲ.

ಕ್ಷಯ ರೋಗಿಗಳ ಮಾಹಿತಿಯನ್ನು ಸರ್ಕಾರಕ್ಕೆ ತಿಳಿಸುವುದು 2012ರ ಮೇ ತಿಂಗಳಿನಿಂದ ಖಾಸಗಿ ಆಸ್ಪತ್ರೆಗಳಿಗೂ ಕಡ್ಡಾಯವಾಗಿದೆ. ನಿಕ್ಷಯ್ ಪೋರ್ಟಲ್‌ನಲ್ಲಿ ನೋಂದಣಿಯಾದ ರೋಗಿಗಳಿಗೆ ಚಿಕಿತ್ಸೆಯ ಅವಧಿಯಲ್ಲಿ ನಿಕ್ಷಯ್ ಪೋಷಣ್ ಯೋಜನೆಯಡಿ ಸಹಾಯಧನ ನೀಡಲಾಗುತ್ತದೆ. 2018ರ ಏಪ್ರಿಲ್‌ನಲ್ಲಿ ತಿಂಗಳಿಗೆ ರೂ. 500ರಂತೆ ಪ್ರಾರಂಭವಾದ ಈ ಮೊತ್ತವನ್ನು ದಿನಾಂಕ 1-11-2024ರಿಂದ ರೂ. 1,000ಕ್ಕೆ ಹೆಚ್ಚಿಸಲಾಗಿದೆ. ಶ್ವಾಸಕೋಶದ ಕ್ಷಯಕ್ಕೆ ಮಾತ್ರವಲ್ಲದೆ ಪ್ಲೂರಾದ ಕ್ಷಯಕ್ಕೂ ಇದು ಅನ್ವಯಿಸುತ್ತದೆ. ಹಣವು ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುವುದರಿಂದ ಖಾತೆಯ ವಿವರವನ್ನು ಸಲ್ಲಿಸತಕ್ಕದ್ದು.

ಉದಾಹರಣೆಗೆ, 28 ವರ್ಷ ವಯಸ್ಸಿನ ಒಬ್ಬ ಗಾರ್ಮೆಂಟ್ಸ್ ಕಾರ್ಮಿಕರು ಖಾಸಗಿ ಆಸ್ಪತ್ರೆಯಲ್ಲಿ ಎದೆಯ ನೀರು ತೆಗೆಯಿಸಿಕೊಂಡು, ಕ್ಷಯದ ಮಾತ್ರೆಗಳೊಂದಿಗೆ ಮನೆಗೆ ಮರಳಿದರೆಂದು ಭಾವಿಸೋಣ. ಬಿಡುಗಡೆ ಸಾರಾಂಶದಲ್ಲಿ ಪ್ಲೂರಲ್ ಎಫ್ಯೂಷನ್, ಜೆ 90 ಎಂದಷ್ಟೇ ಇದ್ದು, ನಿಕ್ಷಯ್ ನೋಂದಣಿ ಆಗಿಲ್ಲದಿದ್ದರೆ ಮೂರು ನಷ್ಟಗಳಾಗುತ್ತವೆ. ಸಹಾಯಧನ ದೊರೆಯುವುದಿಲ್ಲ. ಮನೆಯ ಇತರ ಸದಸ್ಯರ, ವಿಶೇಷವಾಗಿ ಮಕ್ಕಳ ಕ್ಷಯ ತಪಾಸಣೆ ನಡೆಯುವುದಿಲ್ಲ. ಔಷಧ ಮಧ್ಯದಲ್ಲಿ ನಿಂತರೆ ವಿಚಾರಿಸುವವರು ಇರುವುದಿಲ್ಲ. ಇವುಗಳಲ್ಲಿ ಮೂರನೆಯದು ಜೀವಕ್ಕೇ ಸಂಬಂಧಿಸಿದ್ದು. ಆದ್ದರಿಂದ ಕ್ಷಯದ ಔಷಧ ನೀಡಲಾಗಿರುವ ಪ್ರತಿಯೊಬ್ಬರೂ ತಮ್ಮ ನಿಕ್ಷಯ್ ಗುರುತಿನ ಸಂಖ್ಯೆಯನ್ನು ಕೇಳಿ ಪಡೆಯತಕ್ಕದ್ದು.

8. ಕಾರ್ಮಿಕರ ರಾಜ್ಯ ವಿಮಾ ಯೋಜನೆ

ಇ.ಎಸ್.ಐ. ಯೋಜನೆಯಡಿ ಅರ್ಹ ವಿಮಾದಾರರಿಗೆ ಸಾಮಾನ್ಯ ಕಾಯಿಲೆ ಭತ್ಯೆಯು ವೇತನದ ಶೇ. 70ರಷ್ಟಿದ್ದು, ವರ್ಷಕ್ಕೆ ಗರಿಷ್ಠ 91 ದಿನಗಳಿಗೆ ದೊರೆಯುತ್ತದೆ. ನಿಗದಿತ 34 ದೀರ್ಘಕಾಲೀನ ಕಾಯಿಲೆಗಳಿಗೆ, ವಂತಿಗೆಯ ಷರತ್ತುಗಳಿಗೊಳಪಟ್ಟು, ವೇತನದ ಶೇ. 80ರಂತೆ ಎರಡು ವರ್ಷಗಳವರೆಗೆ ವಿಸ್ತೃತ ಕಾಯಿಲೆ ಭತ್ಯೆ ದೊರೆಯುತ್ತದೆ. ಈ ಪಟ್ಟಿಯಲ್ಲಿ ಕ್ಷಯ, ದೀರ್ಘಕಾಲದ ಎಂಪೈಮಾ ಮತ್ತು ಕ್ಯಾನ್ಸರ್ ಸೇರಿವೆ. ಮೇಲಿನ ಉದಾಹರಣೆಯ ಕಾರ್ಮಿಕರ ದಾಖಲೆಯಲ್ಲಿ ಮೂಲ ಕಾಯಿಲೆಯ ಹೆಸರು ಇಲ್ಲದಿದ್ದರೆ ಅವರು 91 ದಿನಗಳ ಭತ್ಯೆಗೆ ಸೀಮಿತರಾಗುವ ಸಂಭವವಿರುತ್ತದೆ.

9. ಆರೋಗ್ಯ ಕರ್ನಾಟಕ ಯೋಜನೆ ಹಾಗೂ ವಿಮೆ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ರಾಜ್ಯದಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅನುಷ್ಠಾನಗೊಳಿಸುತ್ತಿದೆ. ಅರ್ಹ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ ರೂ. 5 ಲಕ್ಷದವರೆಗಿನ ಚಿಕಿತ್ಸೆಗೆ ಇದರಡಿ ಅವಕಾಶವಿದೆ. ಈ ಯೋಜನೆಯಲ್ಲಿ ಚಿಕಿತ್ಸಾ ಪ್ಯಾಕೇಜ್‌ಗಳಿಗೆ ಪ್ರತ್ಯೇಕ ಸಂಕೇತಗಳಿವೆ. ಪ್ಯಾಕೇಜ್ ಸಂಕೇತವು ನೀಡಿದ ಚಿಕಿತ್ಸೆಯನ್ನೂ ಐ.ಸಿ.ಡಿ. ಸಂಕೇತವು ಇದ್ದ ಕಾಯಿಲೆಯನ್ನೂ ತಿಳಿಸುತ್ತವೆ. ಇವೆರಡನ್ನೂ ಒಂದೇ ಎಂದು ತಿಳಿಯಬಾರದು. ತುರ್ತು ಸಂದರ್ಭವನ್ನು ಹೊರತುಪಡಿಸಿ, ಖಾಸಗಿ ಆಸ್ಪತ್ರೆಗೆ ತೆರಳುವ ಮುನ್ನ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರದ ಅಗತ್ಯವಿದೆಯೇ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಿಂದ ತಿಳಿದುಕೊಳ್ಳುವುದು.

ವಿಮಾ ಕಂಪನಿಗಳ ಆರೋಗ್ಯ ವಿಮಾ ಕ್ಲೇಮು ನಮೂನೆಯಲ್ಲಿ ಎರಡು ಭಾಗಗಳಿರುತ್ತವೆ. ಮೊದಲ ಭಾಗವನ್ನು ವಿಮಾದಾರರೂ ಎರಡನೇ ಭಾಗವನ್ನು ಆಸ್ಪತ್ರೆಯವರೂ ಭರ್ತಿ ಮಾಡತಕ್ಕದ್ದು. ಮುಖ್ಯ ರೋಗನಿರ್ಣಯ ಮತ್ತು ಹೆಚ್ಚುವರಿ ರೋಗನಿರ್ಣಯಗಳ ಐ.ಸಿ.ಡಿ. ಸಂಕೇತಗಳಿಗೆ ಎರಡನೇ ಭಾಗದಲ್ಲಿ ಸ್ಥಳಾವಕಾಶವಿದೆ. ಅಲ್ಲಿನ ಸಂಕೇತವೂ ಬಿಡುಗಡೆ ಸಾರಾಂಶದ ಬರಹವೂ ಪರಸ್ಪರ ತಾಳೆಯಾಗಬೇಕು.

ವಿಮೆಗೆ ಸಂಬಂಧಿಸಿದಂತೆ ಕಾಯಿಲೆಯ ಅವಧಿಯೂ ಮುಖ್ಯ. ಪಾಲಿಸಿ ಪಡೆಯುವ ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 36 ತಿಂಗಳ ಕಾಯುವ ಅವಧಿಯನ್ನು ವಿಧಿಸಲು 2024ರ ನಿಯಮಗಳು ಅವಕಾಶ ನೀಡಿವೆ. "1 ತಿಂಗಳಿನಿಂದ ಉಬ್ಬಸ" ಎಂದಿರಬೇಕಾದ ಕಡೆ "1 ವರ್ಷದಿಂದ ಉಬ್ಬಸ" ಎಂದು ಅಚಾತುರ್ಯದಿಂದ ನಮೂದಾದಲ್ಲಿ ಇಡೀ ಕ್ಲೇಮು ತಿರಸ್ಕೃತವಾಗಬಹುದು. ದಾಖಲಾಗುವಾಗ ರೋಗಿಯು ಮಾತನಾಡುವ ಸ್ಥಿತಿಯಲ್ಲಿಲ್ಲದಿದ್ದರೆ ಜೊತೆಗಿರುವವರು ಯೋಚಿಸಿ ಉತ್ತರಿಸುವುದು ಒಳಿತು. ಅವರು ಹೇಳಿದ ಮಾತೇ ದಾಖಲೆಯಾಗಿ ಉಳಿಯುತ್ತದೆ.

ಕ್ಲೇಮು ತಿರಸ್ಕೃತವಾದಲ್ಲಿ ಮೊದಲು ವಿಮಾ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು ನೀಡುವುದು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದಲ್ಲಿ, ಒಂದು ವರ್ಷದೊಳಗಾಗಿ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ, ಅಂದರೆ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ, ದೂರು ಸಲ್ಲಿಸಬಹುದು. ಇದಕ್ಕೆ ಯಾವುದೇ ಶುಲ್ಕವಿಲ್ಲ.

10. ಮರಣ ಸಂಭವಿಸಿದ್ದಲ್ಲಿ

ಜನನ ಮರಣ ನೋಂದಣಿ ಅಧಿನಿಯಮ, 1969ರ ಅಡಿಯಲ್ಲಿ ಮರಣ ಕಾರಣದ ವೈದ್ಯಕೀಯ ಪ್ರಮಾಣಪತ್ರವನ್ನು ಆಸ್ಪತ್ರೆಯಲ್ಲಿ ಸಂಭವಿಸಿದ ಮರಣಕ್ಕೆ ನಮೂನೆ 4ರಲ್ಲಿಯೂ, ಇತರೆಡೆ ಸಂಭವಿಸಿದ ಮರಣಕ್ಕೆ ನಮೂನೆ 4-ಎ ನಲ್ಲಿಯೂ ನೀಡಲಾಗುತ್ತದೆ. ದಿನಾಂಕ 1-10-2023ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಸರ್ಕಾರಿ ಹಾಗೂ ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ವೈದ್ಯಕೀಯ ಸಂಸ್ಥೆಗಳೂ ಇದನ್ನು ಉಚಿತವಾಗಿ ನೋಂದಣಾಧಿಕಾರಿಗೆ ನೀಡಿ, ಒಂದು ಪ್ರತಿಯನ್ನು ಮೃತರ ಹತ್ತಿರದ ಸಂಬಂಧಿಗೆ ಕೊಡತಕ್ಕದ್ದು.

ಸದರಿ ನಮೂನೆಯ ಮೊದಲ ಭಾಗದಲ್ಲಿ ಮೂರು ಸಾಲುಗಳಿವೆ. ಮೇಲಿನ ಸಾಲಿನಲ್ಲಿ ತಕ್ಷಣದ ಕಾರಣ, ಅದರ ಕೆಳಗೆ ಅದಕ್ಕೆ ಕಾರಣವಾದ ಸ್ಥಿತಿ, ಕೊನೆಗೆ ಮೂಲ ಕಾಯಿಲೆಯನ್ನು ಬರೆಯಬೇಕು. ಎರಡನೇ ಭಾಗದಲ್ಲಿ ಮರಣಕ್ಕೆ ಪೂರಕವಾದ ಇತರ ಕಾಯಿಲೆಗಳನ್ನು ನಮೂದಿಸಬೇಕು. ಉದಾಹರಣೆಗೆ, ಮೊದಲ ಸಾಲಿನಲ್ಲಿ ಪ್ಲೂರಲ್ ಎಫ್ಯೂಷನ್, ಎರಡನೆಯದರಲ್ಲಿ ಪ್ಲೂರಾಕ್ಕೆ ಹರಡಿದ ಕ್ಯಾನ್ಸರ್, ಮೂರನೆಯದರಲ್ಲಿ ಸ್ತನ ಕ್ಯಾನ್ಸರ್ ಎಂದಿದ್ದರೆ ಅಂಕಿ-ಅಂಶಗಳಲ್ಲಿ ಈ ಮರಣವು ಸ್ತನ ಕ್ಯಾನ್ಸರ್‌ನಿಂದ ಎಂದು ಎಣಿಕೆಯಾಗುತ್ತದೆ. ಮೊದಲ ಸಾಲನ್ನು ಮಾತ್ರ ತುಂಬಿ ಉಳಿದವನ್ನು ಖಾಲಿ ಬಿಟ್ಟರೆ, ಆ ಮಹಿಳೆಗೆ ಇದ್ದ ಕಾಯಿಲೆಯು ರಾಜ್ಯದ ಲೆಕ್ಕದಲ್ಲಿ ಎಲ್ಲಿಯೂ ಕಾಣಸಿಗುವುದಿಲ್ಲ. ಯಾವ ಕಾಯಿಲೆಗೆ ಎಲ್ಲಿ ಆಸ್ಪತ್ರೆ ಬೇಕು, ಎಷ್ಟು ಅನುದಾನ ಬೇಕು ಎಂಬ ನಿರ್ಧಾರಕ್ಕೆ ಇಂತಹ ಲೆಕ್ಕವೇ ಆಧಾರವಾಗಿರುತ್ತದೆ.

ನೋಂದಣಾಧಿಕಾರಿಗಳು ನೀಡುವ ಮರಣ ಪ್ರಮಾಣಪತ್ರದಲ್ಲಿ ಮರಣದ ಕಾರಣವನ್ನು ಮುದ್ರಿಸುವಂತಿಲ್ಲ. ಮೃತರ ಹಾಗೂ ಕುಟುಂಬದ ಖಾಸಗಿತನವನ್ನು ಇದು ಕಾಪಾಡುತ್ತದೆ. ಜೀವ ವಿಮೆಯವರು ಕಾರಣದ ದಾಖಲೆಯನ್ನು ಕೇಳಿದಲ್ಲಿ ಆಸ್ಪತ್ರೆಯಿಂದ ಪಡೆದ ನಮೂನೆ 4ರ ಪ್ರತಿಯನ್ನು ಸಲ್ಲಿಸಬಹುದು. ಆದ್ದರಿಂದ ಆ ಪ್ರತಿಯನ್ನು ಜೋಪಾನವಾಗಿಟ್ಟುಕೊಳ್ಳುವುದು.

11. ದಾಖಲೆಗಳನ್ನು ಪಡೆಯುವ ಹಾಗೂ ತಿದ್ದಿಸುವ ವಿಧಾನ

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನಾಂಕದಿಂದ ಮೂರು ವರ್ಷಗಳವರೆಗೆ ಕಾಪಾಡತಕ್ಕದ್ದು. ರೋಗಿ ಅಥವಾ ಅವರಿಂದ ಅಧಿಕೃತಗೊಂಡವರು ಕೋರಿದಲ್ಲಿ ಸ್ವೀಕೃತಿ ನೀಡಿ 72 ಗಂಟೆಗಳೊಳಗೆ ದಾಖಲೆಗಳನ್ನು ಒದಗಿಸತಕ್ಕದ್ದು. ಮೂರು ವರ್ಷಗಳ ನಂತರ ದಾಖಲೆ ಲಭ್ಯವಿರುತ್ತದೆ ಎಂಬ ಭರವಸೆಯಿಲ್ಲದ ಕಾರಣ, ಬೇಗನೆ ಪ್ರತಿಗಳನ್ನು ಪಡೆದಿಟ್ಟುಕೊಳ್ಳುವುದು ಕ್ಷೇಮಕರ.

ತಪ್ಪು ಕಂಡುಬಂದಲ್ಲಿ ಈ ಕ್ರಮವನ್ನು ಅನುಸರಿಸುವುದು.
(1) ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ ಅಥವಾ ದಾಖಲಾತಿ ವಿಭಾಗಕ್ಕೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯುವುದು.
(2) ತಪ್ಪು ಯಾವುದು, ಸರಿಯಾದುದು ಯಾವುದು ಎಂಬುದನ್ನು ಒಂದೇ ವಾಕ್ಯದಲ್ಲಿ ತಿಳಿಸಿ, ಅದಕ್ಕೆ ಆಧಾರವಾದ ವರದಿಯ ಪ್ರತಿಯನ್ನು ಲಗತ್ತಿಸುವುದು.
(3) ಚಿಕಿತ್ಸೆ ನೀಡಿದ ವೈದ್ಯರೇ ತಿದ್ದುಪಡಿಗೆ ಸಹಿ ಮತ್ತು ದಿನಾಂಕ ಹಾಕಬೇಕು ಅಥವಾ ಪ್ರತ್ಯೇಕ ಸ್ಪಷ್ಟೀಕರಣ ಪತ್ರವನ್ನು ನೀಡಬೇಕು.
(4) ಅರ್ಜಿದಾರರು ಸ್ವತಃ ದಾಖಲೆಯಲ್ಲಿ ಏನನ್ನೂ ಬರೆಯಬಾರದು, ಅಳಿಸಬಾರದು. ದಾಖಲೆಯನ್ನು ತಿರುಚುವುದು ಶಿಕ್ಷಾರ್ಹ ಅಪರಾಧವಾಗಿದೆ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಿಡುಗಡೆ ಸಾರಾಂಶದಲ್ಲಿ ಸಂಕೇತವೇ ಇಲ್ಲ. ಅರ್ಜಿ ತಿರಸ್ಕೃತವಾಗುವುದೇ?
ಉತ್ತರ: ಸಂಕೇತಕ್ಕಿಂತ ರೋಗನಿರ್ಣಯದ ಬರಹ ಮುಖ್ಯ. ಬರಹ ಸ್ಪಷ್ಟವಾಗಿದ್ದಲ್ಲಿ ಸಂಕೇತವನ್ನು ಆಸ್ಪತ್ರೆಯ ದಾಖಲಾತಿ ವಿಭಾಗದಿಂದ ನಂತರ ಪಡೆಯಬಹುದು.

ಪ್ರಶ್ನೆ: ಜೆ 90 ಎಂದು ನಮೂದಾಗಿದ್ದರೆ ಅದನ್ನು ತಪ್ಪೆಂದು ತಿಳಿಯಬೇಕೇ?
ಉತ್ತರ: ಇಲ್ಲ. ಕಾರಣ ನಿಜಕ್ಕೂ ತಿಳಿಯದಿದ್ದಾಗ ಅದೇ ಸರಿಯಾದ ಸಂಕೇತ. ಕಾರಣ ತಿಳಿದಿದ್ದೂ ಬರೆಯದೇ ಇದ್ದಾಗ ಮಾತ್ರ ತೊಂದರೆ.

ಪ್ರಶ್ನೆ: ಎರಡು ಬಾರಿ ನೀರು ತೆಗೆಯಲಾಗಿದೆ. ಒಂದು ವರದಿ ಮಾತ್ರ ಇದೆ. ಸಾಕೇ?
ಉತ್ತರ: ಎರಡೂ ದಿನಾಂಕಗಳು ಬಿಡುಗಡೆ ಸಾರಾಂಶದಲ್ಲಿ ಇರಬೇಕು. ಎರಡನೇ ವರದಿಯ ಪ್ರತಿಯನ್ನು ಆಸ್ಪತ್ರೆಯಿಂದ ಕೋರಿ ಪಡೆಯುವುದು.

ಪ್ರಶ್ನೆ: ಕ್ಷಯ ಎಂದು ಬರೆಸಿದರೆ ಕೆಲಸದ ಸ್ಥಳದಲ್ಲಿ ತೊಂದರೆಯಾಗಬಹುದೆಂಬ ಆತಂಕವಿದೆ. ಬರೆಯದಂತೆ ಕೋರಬಹುದೇ?
ಉತ್ತರ: ಕೋರಬಾರದು. ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ. ಕಾಯಿಲೆಯನ್ನು ದಾಖಲೆಯಿಂದ ಮರೆಮಾಚಿದಲ್ಲಿ ಔಷಧ, ಸಹಾಯಧನ ಹಾಗೂ ಕುಟುಂಬದವರ ತಪಾಸಣೆ ಮೂರೂ ತಪ್ಪುತ್ತವೆ. ಕ್ಷಯವು ಪೂರ್ಣ ಅವಧಿಯ ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ.

13. ಸಾರ್ವಜನಿಕರಲ್ಲಿ ಕೋರಿಕೆ

ಅರ್ಜಿಯೊಂದಿಗೆ ಬಿಡುಗಡೆ ಸಾರಾಂಶ, ಎದೆಯ ನೀರಿನ ಪರೀಕ್ಷಾ ವರದಿ, ಕ್ಷ-ಕಿರಣ ಅಥವಾ ಸ್ಕ್ಯಾನ್ ವರದಿ ಹಾಗೂ ಮೂಲ ಕಾಯಿಲೆಯನ್ನು ದೃಢಪಡಿಸುವ ದಾಖಲೆ ಈ ನಾಲ್ಕನ್ನೂ ಲಗತ್ತಿಸತಕ್ಕದ್ದು. ಮೂಲ ಪ್ರತಿಗಳನ್ನು ಅರ್ಜಿದಾರರು ತಮ್ಮಲ್ಲಿಯೇ ಇಟ್ಟುಕೊಂಡು ದೃಢೀಕೃತ ನಕಲುಗಳನ್ನು ಸಲ್ಲಿಸುವುದು. ಮೂಲ ಪ್ರತಿಗಳೇ ಕಡ್ಡಾಯವಾಗಿರುವಲ್ಲಿ ನಕಲುಗಳನ್ನು ತಮ್ಮ ಬಳಿ ಉಳಿಸಿಕೊಳ್ಳುವುದು. ಆರೋಗ್ಯ ಸಂಬಂಧಿ ಮಾಹಿತಿ ಹಾಗೂ ಸಲಹೆಗಾಗಿ 104 ಆರೋಗ್ಯ ಸಹಾಯವಾಣಿಯನ್ನು ಸಂಪರ್ಕಿಸಬಹುದಾಗಿದೆ.

ಈ ಮಾಹಿತಿಯು ಅರ್ಜಿದಾರರ ತಿಳುವಳಿಕೆಗಾಗಿ ಮಾತ್ರವಿದ್ದು, ವೈದ್ಯರ ಸಲಹೆಗೆ ಪರ್ಯಾಯವಲ್ಲ. ಉಬ್ಬಸ ಹಾಗೂ ಪಕ್ಕೆ ನೋವು ಇರುವವರು ಮೊದಲು ಚಿಕಿತ್ಸೆ ಪಡೆಯುವುದು, ನಂತರ ಕಾಗದಪತ್ರಗಳತ್ತ ಗಮನ ಹರಿಸುವುದು.